ಹೆಂಡತಿಗೊಂದು ಕೈಗಡಿಯಾರ

ಹೋದ ಶ್ರಾವಣದಲ್ಲಿ ನಮ್ಮ ಶಾಲೆಯ ಗಣಿತದ ಮೇಷ್ಟ್ರು ನನ್ನನ್ನೊಂದು ಪೇಚಿಗೆ ಸಿಕ್ಕಿಸಿದರು. ಅವರ ಮದುವೆಯಾಗಿ ಐದು ವರ್ಷ ತುಂಬುವುದಿತ್ತು. ಹೆಂಡತಿಗೆ ಒಳ್ಳೆಯದೊಂದು ವಾಚು ಕೊಡಿಸಬೇಕು, ಎಂಟು ಸಾವಿರದವರೆಗೂ ಅಡ್ಡಿಯಿಲ್ಲ ಎಂದರು. "ನೀವಾ ಬಂದು ಆರಿಸಿ ಕೊಡ್ರಿ ಟೀಚರ್. ಹೆಂಗಸರಿಗೆ ಏನು ಒಪ್ತದ ಅನ್ನೋದು ನಮಗೇನು ತಿಳಿತದ?"

ಶಾಲೆ ಬಿಟ್ಟ ಮೇಲೆ ಹೊಸಪೇಟೆಯ ಸ್ಟೇಷನ್ ರಸ್ತೆಯ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯ ಹುಡುಗ ಮಖಮಲ್ಲಿನ ತಟ್ಟೆ ತಂದಿಟ್ಟ. ಮೇಷ್ಟ್ರ ಕಣ್ಣು ಒಂದೇ ನೋಟಕ್ಕೆ ಒಂದು ವಾಚಿನ ಮೇಲೆ ನಿಂತಿತು. ಬಂಗಾರದ ಬಣ್ಣ, ಕಡಲೆಬೇಳೆಗಿಂತ ಸ್ವಲ್ಪ ದೊಡ್ಡದಾದ ಮುಖ, ಅಂಕಿಗಳ ಜಾಗದಲ್ಲಿ ನಾಲ್ಕು ಹೊಳೆಯುವ ಹರಳು. ಚೆಂದವೇ ಇತ್ತು, ಸುಳ್ಳು ಹೇಳಬಾರದು. ನಾನು ಸುಮ್ಮನೆ ಕೇಳಿದೆ, "ನಿಮ್ಮ ಮನೆಯವರು ದಿನಕ್ಕೆ ಎಷ್ಟು ಸಲ ಟೈಮು ನೋಡ್ತಾರೆ?"

ಅವರು ನಕ್ಕರು. ಅವರ ಹೆಂಡತಿ ಸಂಡೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ನಸುಕಿನಲ್ಲೆದ್ದು ಬಸ್ಸು ಹಿಡಿಯುತ್ತಾಳೆ, ರೋಗಿಯ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಾಳೆ, ಸೀಸೆಯಿಂದ ಹನಿಹನಿಯಾಗಿ ಇಳಿಯುವ ಗ್ಲೂಕೋಸಿನ ಲೆಕ್ಕ ಹಿಡಿಯುತ್ತಾಳೆ, ದಿನಕ್ಕೆ ಹತ್ತಾರು ಸಲ ಕೈ ತೊಳೆಯುತ್ತಾಳೆ. ಮೇಷ್ಟ್ರು ಮೆಚ್ಚಿದ ವಾಚಿಗೆ ಸೆಕೆಂಡಿನ ಮುಳ್ಳೇ ಇರಲಿಲ್ಲ. ನಾನದನ್ನು ತೋರಿಸಿದೆ. ಅಂಗಡಿಯ ಹುಡುಗ ನಡುವೆ ಬಾಯಿ ಹಾಕಿದ: "ಲೇಡೀಸ್ ಮಾಡೆಲ್‌ಗೆ ಸೆಕೆಂಡ್ ಮುಳ್ಳು ಯಾಕ್ರಿ ಮೇಡಂ?"

ಆ ಮಾತು ನನ್ನನ್ನು ಇಪ್ಪತ್ತೆಂಟು ವರ್ಷ ಹಿಂದಕ್ಕೆ ಎಳೆದೊಯ್ದಿತು.

ನಮ್ಮ ಮದುವೆ 1993ರಲ್ಲಿ. ಆಗಿನ ಪದ್ಧತಿಯಂತೆ ವರನಿಗೆ ಉಂಗುರ, ಸೂಟು, ವಾಚು. ಕಂಪ್ಲಿಯಲ್ಲಿದ್ದ ನಮ್ಮ ಅಪ್ಪ ಭಾವೀ ಅಳಿಯನಿಗೆ ಕಾಗದ ಬರೆದು ಯಾವ ವಾಚು ಇಷ್ಟವೆಂದು ಕೇಳಿದ್ದರು. ಇವರೂ ಸಂಕೋಚವಿಲ್ಲದೆ, ಎಚ್ಎಂಟಿ ಪೈಲಟ್ ಆಗಬಹುದು, ಕಪ್ಪು ಮುಖದ ಮೇಲೆ ಬಿಳಿ ಅಂಕಿ ಸ್ಪಷ್ಟವಾಗಿ ಕಾಣುತ್ತದೆ ಎಂದು ಉತ್ತರಿಸಿದ್ದರು. ಅಪ್ಪ ಅದನ್ನೇ ತಂದರು. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಶುರುವಾದ ಎಚ್ಎಂಟಿಯ ಗಡಿಯಾರದ ವ್ಯವಹಾರವನ್ನು ಮುಚ್ಚಲು 2016ರಲ್ಲಿ ಸರ್ಕಾರ ತೀರ್ಮಾನಿಸಿತು. ನಮ್ಮ ಮನೆಯ ಪೈಲಟ್ ಮಾತ್ರ ಇನ್ನೂ ನಡೆಯುತ್ತಿದೆ. ಇವರು ದಿನಾ ಬೆಳಿಗ್ಗೆ ಕಾಫಿಗೆ ಮೊದಲು ಅದಕ್ಕೆ ಕೀ ಕೊಡುತ್ತಾರೆ.

ನನಗೆ ವಾಚು ಬಂದದ್ದು 1996ರ ದೀಪಾವಳಿಗೆ. ಇವರು ಆಗ ಗುಮಾಸ್ತರು. ಸಂಜೆಯ ಮಿರ್ಚಿ ಮಂಡಕ್ಕಿ ಬಿಟ್ಟು, ಸೈಕಲ್ಲಿನ ಹಳೆಯ ಟೈರನ್ನೇ ತೇಪೆ ಹಾಕಿಸಿಕೊಂಡು ಎಂಟು ತಿಂಗಳು ದುಡ್ಡು ಕೂಡಿಸಿದ್ದರಂತೆ. ಡಬ್ಬಿ ತೆರೆದರೆ ಸಣ್ಣ ಬಂಗಾರದ ಬಣ್ಣದ ವಾಚು, ಅಂಕಿಯಿಲ್ಲ, ಸೆಕೆಂಡಿನ ಮುಳ್ಳಿಲ್ಲ, ಇದ್ದ ಎರಡು ಮುಳ್ಳಿಗೂ ಉದ್ದದಲ್ಲಿ ಹೆಚ್ಚು ಅಂತರವಿಲ್ಲ. ಪಿರಿಯಡ್ಡು ಲೆಕ್ಕ ಹಾಕಲು, ಪರೀಕ್ಷೆಯಲ್ಲಿ ಮಕ್ಕಳಿಗೆ ಇನ್ನು ಹತ್ತೇ ನಿಮಿಷ ಎನ್ನಲು ನನಗೆ ಬೇಕಾಗಿದ್ದದ್ದು ಇವರ ಪೈಲಟ್ಟಿನಂಥದೇ. ಆದರೆ ಎದುರಿಗೆ ಕೂತವರ ಮುಖ ನೋಡಿ, "ಎಷ್ಟು ಚೆಂದ ಐತ್ರಿ" ಎಂದೆ.

ಆ ಡಿಸೆಂಬರಿನಲ್ಲಿ ಮೂವತ್ತೆಂಟು ಹುಡುಗಿಯರನ್ನು ಹಂಪಿಗೆ ಕರೆದೊಯ್ದಿದ್ದೆ. ಬಸ್ಸು ಐದಕ್ಕೆ ಸರಿಯಾಗಿ ಹೊರಡುವುದೆಂದು ಮಾತಾಗಿತ್ತು. ವಿರೂಪಾಕ್ಷ ಗುಡಿಯ ಹಿಂಭಾಗದ ಕತ್ತಲ ಕೋಣೆಯಲ್ಲಿ ರಾಜಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುವುದನ್ನು ತೋರಿಸುತ್ತಿದ್ದೆ. ಸಣ್ಣ ಕಿಂಡಿಯಿಂದ ಬೆಳಕು ನೇರವಾಗಿ ಹಾಯುವುದರಿಂದ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗುತ್ತದೆಂದು ವಿವರಿಸುವಾಗ ಒಬ್ಬಳು ಟೈಮೆಷ್ಟು ಎಂದು ಕೇಳಿದಳು. ಮಬ್ಬಿನಲ್ಲಿ ವಾಚು ನೋಡಿ ನಾಲ್ಕು ಇಪ್ಪತ್ತೈದು ಎಂದೆ. ಆಗಿದ್ದದ್ದು ಐದು ಇಪ್ಪತ್ತು. ಹೊರಗೆ ಬಂದು ನೋಡಿದರೆ ಬಸ್ಸಿಲ್ಲ. ಹುಡುಗಿಯರನ್ನು ಐದಾರು ಮಂದಿಯಂತೆ ತುಂಬಿದ ಬಸ್ಸುಗಳಿಗೆ ಹತ್ತಿಸಿ ಶಾಲೆ ಮುಟ್ಟುವಾಗ ರಾತ್ರಿ ಎಂಟಾಗಿತ್ತು. ಗೇಟಿನ ಬಳಿ ತಂದೆಯೊಬ್ಬರು ಮಗಳನ್ನು ತಬ್ಬಿಕೊಂಡು ಅತ್ತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹೆಡ್‌ಮಾಸ್ತರರಿಗೆ ವಾಚು ನಿಂತುಹೋಗಿತ್ತು ಎಂದೆ. ಮನೆಗೆ ಬಂದು ಇವರಿಗೆ ಬಸ್ಸು ಕೆಟ್ಟಿತ್ತು ಎಂದೆ. ಒಂದೇ ಸಂಜೆಯಲ್ಲಿ ಎರಡು ಸುಳ್ಳು, ಅದೂ ಸತ್ಯವನ್ನೇ ನುಡಿಯಬೇಕೆಂದು ಕಪ್ಪುಹಲಗೆಯ ಮೇಲೆ ಬರೆಸುವ ಟೀಚರ್ ಬಾಯಲ್ಲಿ.

ನನ್ನ ಸುಳ್ಳಿಗೆ ನಾನು ಕೊಟ್ಟುಕೊಂಡ ಸಮಾಧಾನ ಎಲ್ಲರಿಗೂ ಗೊತ್ತಿರುವಂಥದ್ದೇ. ಪ್ರೀತಿಯಿಂದ ತಂದದ್ದಕ್ಕೆ ಹೆಸರಿಡಬಾರದು, ಎಂಟು ತಿಂಗಳ ಉಪವಾಸಕ್ಕೆ ಬೆಲೆ ಬೇಡವೇ? ಬೇಕು, ಅದನ್ನು ಈಗಲೂ ಒಪ್ಪುತ್ತೇನೆ. ಆದರೆ ಆ ಒಂದು ಮಾತು ಅಂದಿನ ದೀಪಾವಳಿಗೆ ಮುಗಿಯಲಿಲ್ಲ. ಇವಳಿಗೆ ಸಣ್ಣದು, ಹೊಳೆಯುವುದು ಇಷ್ಟ ಎಂದು ಇವರು ಮನಸ್ಸಿನಲ್ಲಿ ಬರೆದಿಟ್ಟುಕೊಂಡರು. ಆಮೇಲೆ ತಂದ ಕೈಚೀಲ ಪುಸ್ತಕ ಹಿಡಿಸದಷ್ಟು ಸಣ್ಣದು, ಕೊಡೆ ಹೂವಿನಂತೆ ಚೆಂದ, ಮಳೆಗಲ್ಲ. ತಪ್ಪು ಅವರದೆಂದು ಒಳಗೊಳಗೇ ಗೊಣಗಿದೆ. ನನ್ನನ್ನು ತಿಳಿಯುವ ದಾರಿಗೆ ಅಡ್ಡ ಕಲ್ಲಿಟ್ಟವಳು ನಾನೇ ಎಂಬುದು ಹೊಳೆಯಲೇ ಇಲ್ಲ.

ಕೈಗಡಿಯಾರದ ಕಥೆಯೇ ವಿಚಿತ್ರ. 1868ರಲ್ಲಿ ಜಿನೀವಾದ ಪಾಟೆಕ್ ಫಿಲಿಪ್ ಕಂಪನಿ ಹಂಗೇರಿಯ ಕುಲೀನ ಹೆಣ್ಣುಮಗಳೊಬ್ಬಳಿಗೆ ಬಳೆಯಂತೆ ತೊಡುವ ಗಡಿಯಾರ ಮಾಡಿಕೊಟ್ಟಿತ್ತು. ಗಂಡಸರದು ಜೇಬಿನ ಗಡಿಯಾರ. ಕೈಗೆ ಕಟ್ಟುವುದು ಹೆಂಗಸರ ಒಡವೆ ಎಂದು ಬಹುಪಾಲು ಗಂಡಸರು ನಗುತ್ತಿದ್ದರು. 1914ರ ಮಹಾಯುದ್ಧದಲ್ಲಿ ಕಂದಕದಲ್ಲಿ ನಿಂತ ಸಿಪಾಯಿಗೆ ಜೇಬಿಗೆ ಕೈಹಾಕಲು ಪುರಸೊತ್ತಿಲ್ಲದಾಗ ಅದು ಗಂಡಸಿನ ಕೈಗೂ ಬಂತು, ಬಂದು ಉಪಕರಣವಾಯಿತು. ಹೆಣ್ಣಿನ ಕೈಯಲ್ಲಿದ್ದದ್ದು ಒಡವೆಯಾಗಿಯೇ ಉಳಿಯಿತು. ಗಂಡಸು ವಾಚು ನೋಡುವವನು, ಹೆಂಗಸು ವಾಚು ತೋರಿಸುವವಳು ಎಂದು ಯಾರು ತೀರ್ಮಾನಿಸಿದರೋ! ನಾಲ್ಕೂವರೆಗೆದ್ದು, ಏಳಕ್ಕೆ ಡಬ್ಬಿ ಕಟ್ಟಿ, ಎಂಟರ ಬಸ್ಸಿಗೆ ಓಡುವವಳಿಗೆ ನಿಮಿಷದ ಲೆಕ್ಕ ಬೇಡವಂತೆ.

ಹಾಗಾದರೆ ಒಳ್ಳೆಯ ವಾಚು ಯಾವುದು? ಕೀ ಕೊಡುವ ವಾಚಿನಲ್ಲಾದರೆ ಹದಿನೇಳು ಕಲ್ಲು ಎನ್ನುತ್ತಿದ್ದರು. ಸೆಲ್ಲಿನ ವಾಚಿನೊಳಗಿನ ಸ್ಫಟಿಕದ ಚೂರು ಸೆಕೆಂಡಿಗೆ 32,768 ಸಲ ಕಂಪಿಸಿ ಸಮಯ ಹಿಡಿಯುತ್ತದೆ. ಅಂಗಡಿಯಲ್ಲಿ ನಾನು ನೋಡಿದ್ದು ಇದನ್ನಲ್ಲ. ಕವಚ ಪೂರ್ತಿ ಸ್ಟೀಲೇ, ಇಲ್ಲಾ ಬೆವರಿಗೆ ಮಾಸುವ ಮುಲಾಮೇ? ಮೂವತ್ತು ಮೀಟರ್ ಎಂದು ಬರೆದಿದ್ದರೆ ನೀರಿಗಿಳಿಯಬಹುದೆಂದು ತಿಳಿಯಬೇಡಿ, ಅದು ಸಿಡಿದ ಹನಿ ತಡೆದರೆ ದೊಡ್ಡದು. ದಿನವಿಡೀ ಕೈ ತೊಳೆಯುವವರಿಗೆ ಐವತ್ತು, ನೂರು ಎಂದಿರುವುದು ವಾಸಿ. ಪಟ್ಟಿ ಎಲ್ಲಿಯಾದರೂ ಬದಲಾಯಿಸಲು ಸಿಗಬೇಕು. ಇವೆಲ್ಲ ಅಂಗಡಿಯವನೂ ಹೇಳಿಯಾನು. ಆದರೆ ಅದನ್ನು ಕಟ್ಟುವವಳ ದಿನ ಹೇಗೆ ಕಳೆಯುತ್ತದೆ ಎಂಬುದನ್ನು ಅವನು ಹೇಳಲಾರ. ನಾನೂ ಹೇಳಲಾರೆ.

ಅದನ್ನೇ ಮೇಷ್ಟ್ರಿಗೆ ಹೇಳಿದೆ. "ಕೇಳಿ ತಂದರೆ ಅಚ್ಚರಿ ಎಲ್ಲಿ ಉಳಿತು ಟೀಚರ್?" ಎಂದರು. ಆ ಪ್ರಶ್ನೆ ಹಗುರವಾದದ್ದಲ್ಲ. ಕೇಳದೆಯೇ ಇನ್ನೊಬ್ಬರ ಮನಸ್ಸರಿತಾಗ ಸಿಗುವ ಸಂತೋಷಕ್ಕೆ ಸಾಟಿಯಿಲ್ಲ. ಆದರೆ ಕೇಳದೆ ಅರಿಯಬೇಕಾದರೆ ಅದಕ್ಕೂ ಮೊದಲು ಬಹಳ ದಿನ ನೋಡಿರಬೇಕಲ್ಲ. ಅವರು ಆ ದಿನ ಏನೂ ಕೊಳ್ಳದೆ ಮನೆಗೆ ಹೋದರು. ಮರುವಾರ ಗಂಡ ಹೆಂಡತಿ ಇಬ್ಬರೂ ಬಂದು ಬಿಳಿ ಮುಖದ, ದೊಡ್ಡ ಅಂಕಿಯ, ಕೆಂಪು ಸೆಕೆಂಡು ಮುಳ್ಳಿನ ಸ್ಟೀಲು ವಾಚೊಂದನ್ನು ಒಯ್ದರಂತೆ. ಎರಡೂವರೆ ಸಾವಿರ. ಉಳಿದ ದುಡ್ಡಿಗೆ ಆಕೆ ಕುಕ್ಕರು ತಗೊಂಡಳೆಂದು ಮೇಷ್ಟ್ರು ಸ್ವಲ್ಪ ಪೆಚ್ಚಾಗಿಯೇ ಹೇಳಿದರು.

ಅಂಗಡಿಯಿಂದ ಬಂದ ರಾತ್ರಿಯೇ ನಾನು ಕಪಾಟಿನಿಂದ ಡಬ್ಬಿ ತೆಗೆದು ಇವರೆದುರು ಇಟ್ಟೆ. ಹಂಪಿಯ ಬಸ್ಸಿನ ಕಥೆಯನ್ನು ಇದ್ದದ್ದು ಇದ್ದಂತೆ ಹೇಳಿದೆ. ಇವರು ಕನ್ನಡಕ ಹಾಕಿಕೊಂಡು, ವಾಚನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಆಚೀಚೆ ತಿರುಗಿಸಿದರು.

"ಟೈಮ್ ಹೆಂಗ ನೋಡ್ಬೇಕು ಅಂತ ಅಂಗಡಿಯಾಗ ನಾನೂ ಕೇಳಿದ್ದೆ. ಹೆಂಗಸರ ವಾಚು ಇರೋದಾ ಹಿಂಗ ಅಂದ ಅವ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನೀನ್ಯಾಕ ಹೇಳಲಿಲ್ಲ?" ಎಂದರು.

ನನ್ನಲ್ಲಿ ಉತ್ತರವಿರಲಿಲ್ಲ. ಸೆಲ್ ಹಾಕಿಸಿಕೊಂಡು ಬರಲೇ ಎಂದು ಕೇಳಿದರು. ಬೇಡ ಎಂದೆ. ಅವರು ತಂದ ವಸ್ತುವೊಂದರ ವಿಷಯದಲ್ಲಿ ನಾನು ಬೇಡ ಎಂದದ್ದು ಅದೇ ಮೊದಲು.