ನಿರ್ದೇಶಕ ಬದಲಾದರೂ ಬಾಂಡ್ ಅವನೇ?

1962ರ ‘ಡಾಕ್ಟರ್ ನೋ’ದಿಂದ 2021ರ ‘ನೋ ಟೈಮ್ ಟು ಡೈ’ವರೆಗೆ ಆರು ನಟರು ನಿರ್ವಹಿಸಿದ ಜೇಮ್ಸ್ ಬಾಂಡ್ ಒಬ್ಬನೇ ವ್ಯಕ್ತಿಯೆನ್ನುವುದಾದರೆ, ಆ ಏಕತೆಗೆ ಆಧಾರವೇನೆಂಬ ಪ್ರಶ್ನೆ ಏಳುತ್ತದೆ. ಕೊನೆಯ ಚಿತ್ರದಲ್ಲಿ ನಾಯಕನು ಕ್ಷಿಪಣಿದಾಳಿಗೆ ಬಲಿಯಾದ ಬಳಿಕವೂ, ಅವನು ಮರಳಿ ಬರುವನೆಂಬ ವಾಡಿಕೆಯ ಘೋಷಣೆ ತೆರೆಯ ಮೇಲೆ ಮೂಡಿದ್ದರಿಂದ ಆ ಪ್ರಶ್ನೆ ಇನ್ನಷ್ಟು ಮೊನಚಾಯಿತು.

ಬದಲಾವಣೆಯ ನಡುವೆ ಏಕತೆ ಹೇಗೆಂಬ ಈ ಪ್ರಶ್ನೆ ಭಾರತೀಯ ದರ್ಶನಗಳಿಗೆ ಹಳೆಯದು. ಬೌದ್ಧರು ಸ್ಥಿರ ಆತ್ಮವನ್ನು ನಿರಾಕರಿಸಿ, ಹುಟ್ಟಿ ಅಳಿಯುವ ಕ್ಷಣಗಳ ಎಡೆಬಿಡದ ಹರಿವನ್ನು ‘ಸಂತಾನ’ವೆಂದರೆ, ನ್ಯಾಯದರ್ಶನದವರಾದ ನೈಯಾಯಿಕರು ಹಿಂದೆ ಕಂಡದ್ದೇ ಇದೆಂದು ಗುರುತಿಸುವ ಅರಿವನ್ನು, ಅಂದರೆ ‘ಪ್ರತ್ಯಭಿಜ್ಞೆ’ಯನ್ನು, ಸ್ಥಿರವಸ್ತುವಿಗೆ ಸಾಕ್ಷಿಯಾಗಿ ಮುಂದಿಟ್ಟರು. ಹಿಂದಿನ ಬಾಂಡ್ ಚಿತ್ರಗಳ ಸಂಕಲನದಲ್ಲಿ ಪಳಗಿದ್ದ ಜಾನ್ ಗ್ಲೆನ್ ಅವರಿಗೆ 1981ರಿಂದ 1989ರವರೆಗೆ ಸತತವಾಗಿ ಐದು ಚಿತ್ರಗಳ ನಿರ್ದೇಶನವನ್ನು ವಹಿಸಿದ್ದು ಹರಿವನ್ನು ನಂಬಿದ ಆಯ್ಕೆ. ಅದು ಸುರಕ್ಷಿತವಾಗಿತ್ತು, ಅಷ್ಟೇ. ಇದಕ್ಕೆ ಪ್ರತಿಯಾಗಿ, ಬಂದೂಕಿನ ನಳಿಗೆಯೊಳಗಿಂದ ಕಾಣುವ ನಾಯಕನು ನಡೆದುಬಂದು, ತಿರುಗಿ ಗುಂಡು ಹಾರಿಸುವ ಆರಂಭದ ದೃಶ್ಯವನ್ನು ಸ್ಯಾಮ್ ಮೆಂಡಿಸ್ 2012ರ ‘ಸ್ಕೈಫಾಲ್’ನಲ್ಲಿ ಚಿತ್ರದ ಕೊನೆಗೆ ಒಯ್ದರು, ಆದರೂ (ಅಭಿಮಾನಿಗಳ ಗೊಣಗಾಟ ಬೇರೆ ಮಾತು) ಬಾಂಡ್ ಬಾಂಡ್ ಆಗಿಯೇ ಉಳಿದನು. ಅಂದು ಮತ್ತು ಇಂದಿನ ನಡುವೆ ಅಂತರವೇ ಇಲ್ಲದಿದ್ದರೆ ಗುರುತಿಸುವ ಕ್ರಿಯೆಗೆ ಅವಕಾಶವೇ ಇರುವುದಿಲ್ಲವಾದ್ದರಿಂದ, ಪ್ರತ್ಯಭಿಜ್ಞೆಯು ಬದಲಾವಣೆಯನ್ನು ಸಹಿಸುವುದಷ್ಟೇ ಅಲ್ಲ, ಅದನ್ನು ಬೇಡುತ್ತದೆ.

ಸರಣಿಯ ಸೃಜನಾತ್ಮಕ ಹತೋಟಿಯು ಅಮೆಜಾನ್ ಎಂಜಿಎಂಗೆ ಸಂದ 2025ರಲ್ಲಿಯೇ ಮುಂದಿನ ಚಿತ್ರದ ನಿರ್ದೇಶಕರಾಗಿ ಡೆನಿ ವಿಲ್‌ನವ್ ಅವರ ಹೆಸರು ಪ್ರಕಟವಾಯಿತು. ರಿಡ್ಲಿ ಸ್ಕಾಟ್ ಕಟ್ಟಿದ ಲೋಕವನ್ನು ‘ಬ್ಲೇಡ್ ರನ್ನರ್ 2049’ರಲ್ಲಿ ಗುರುತು ಕೆಡದಂತೆ, ಆದರೆ ತಮ್ಮದೇ ನಿಧಾನಗತಿಯಲ್ಲಿ ಮುಂದುವರಿಸಿದವರನ್ನು ಆರಿಸಿದ್ದು ಸರಿಯಾದ ನಿರ್ಧಾರವೇ.