ಆರೋಗ್ಯವೂ ಪುಣ್ಯವೂ

ಆರೋಗ್ಯವನ್ನು ಕುರಿತು ಒಂದು ಮಾತು ಬರೆಯಬೇಕೆಂಬುದು ಬಹು ದಿನಗಳಿಂದ ನನ್ನ ಮನಸ್ಸಿನಲ್ಲಿದ್ದಿತು. ಅದು ಬಹುಜನರಿಗೆ ಪ್ರಿಯವಾಗಲಾರದೆಂಬ ಶಂಕೆಯಿಂದ ಇಷ್ಟು ಕಾಲ ಹಿಂಜರಿದೆನು. ಈಗ ವಯಸ್ಸು ಅರುವತ್ತೈದನ್ನು ದಾಟಿದೆ. ನನ್ನ ಮಾತನ್ನು ಪ್ರಮಾಣವೆಂದು ಬರೆದುಕೊಳ್ಳುವ ವಿದ್ಯಾರ್ಥಿಗಳೂ ಎದುರಿಗಿಲ್ಲ. ಆದುದರಿಂದ ಧೈರ್ಯ ಮಾಡಿದ್ದೇನೆ. ವಾಚಕರು ತಾಳ್ಮೆಯಿಂದ ಓದಿ, ಒಪ್ಪಿಗೆಯಾದುದನ್ನು ಇಟ್ಟುಕೊಂಡು ಉಳಿದುದನ್ನು ಬಿಡಬಹುದು.

ನನ್ನ ಅಭಿಪ್ರಾಯವಿಷ್ಟೆ: ಆರೋಗ್ಯವು ಭಾಗ್ಯವೇ ಹೊರತು ಪುಣ್ಯವಲ್ಲ, ರೋಗವು ಕಷ್ಟವೇ ಹೊರತು ಪಾಪವಲ್ಲ. ಕೇಳುವಾಗ ಇದು ಎಲ್ಲರೂ ಒಪ್ಪಿದ ಮಾತಿನಂತೆಯೇ ಇದೆ. ಆದರೆ ನಮ್ಮ ನಡೆನುಡಿಗಳನ್ನು ನೋಡಿದರೆ ಯಾರೂ ಒಪ್ಪಿದಂತೆ ಕಾಣುವುದಿಲ್ಲ.

ಪ್ರಾತಃಕಾಲ ನಮ್ಮೂರ ಕೆರೆಯ ಏರಿಯ ಮೇಲೆ ನಡೆದಾಡುವವರ ಸಂಖ್ಯೆ ದಿನೇ ದಿನೇ ಹೆಚ್ಚುತ್ತಿದೆ. ಅದು ಸಂತೋಷದ ವಿಷಯವೇ. ನಡಿಗೆಯಿಂದ ದೇಹಕ್ಕೆ ಹಿತವಾಗುವುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅಲ್ಲಿ ನಡೆಯುವವರಲ್ಲಿ ಅನೇಕರು ಕೆರೆಯನ್ನು ನೋಡುವುದಿಲ್ಲ. ಮಣಿಕಟ್ಟಿನ ಯಂತ್ರವನ್ನು ನೋಡುತ್ತಾರೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಪೂರೈಸದಿದ್ದರೆ ಸಂಧ್ಯಾವಂದನೆ ತಪ್ಪಿದವರಂತೆ ಪರಿತಪಿಸುತ್ತಾರೆ. ಈ ಹತ್ತು ಸಾವಿರವೆಂಬ ಸಂಖ್ಯೆ ಯಾವ ವೈದ್ಯಶಾಸ್ತ್ರದಿಂದ ಹುಟ್ಟಿತೆಂದು ವಿಚಾರಿಸಿದರೆ ನಗು ಬರುತ್ತದೆ. 1965ರಲ್ಲಿ ಜಪಾನಿನ ಒಂದು ಗಡಿಯಾರದ ಕಂಪೆನಿಯು ಹೆಜ್ಜೆಗಳನ್ನೆಣಿಸುವ ಯಂತ್ರವನ್ನು ಮಾರಾಟಕ್ಕೆ ತಂದು, ಅದಕ್ಕೆ 'ಹತ್ತು ಸಾವಿರ ಹೆಜ್ಜೆಯ ಮಾಪಕ' ಎಂಬರ್ಥದ ಹೆಸರನ್ನಿಟ್ಟಿತು. ವ್ಯಾಪಾರಿಯ ನಾಮಕರಣವು ಕಾಲಕ್ರಮದಲ್ಲಿ ವಿಧಿವಾಕ್ಯವಾಯಿತು. ದೇಹದ ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕದ ಕಥೆಯೂ ಹೀಗೆಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಲ್ಜಿಯಂ ದೇಶದ ಕೆಟೆಲೆ ಎಂಬ ಗಣಿತಜ್ಞನು ಜನಸಮೂಹದ ಸರಾಸರಿಯನ್ನು ತಿಳಿಯುವುದಕ್ಕಾಗಿ ಮಾಡಿದ ಲೆಕ್ಕವದು. ಒಬ್ಬೊಬ್ಬ ಮನುಷ್ಯನ ಯೋಗ್ಯತೆಯನ್ನು ನಿರ್ಣಯಿಸುವುದಕ್ಕಲ್ಲ. ಅಳತೆಗಳು ವೈದ್ಯನ ಕೈಯಲ್ಲಿ ಉಪಯುಕ್ತವಾದ ಸೇವಕರು. ಅವು ನಮ್ಮ ಅಂತಃಸಾಕ್ಷಿಯ ಪೀಠದಲ್ಲಿ ಕುಳಿತಾಗ ಅನರ್ಥವಾಗುತ್ತದೆ.

ಶರೀರವು ಧರ್ಮಕ್ಕೆ ಮೊದಲ ಸಾಧನವೆಂಬ ಕಾಳಿದಾಸನ ಮಾತನ್ನು ವ್ಯಾಯಾಮಶಾಲೆಗಳ ಗೋಡೆಯ ಮೇಲೆ ಬರೆಯಿಸುವುದುಂಟು. ಕುಮಾರಸಂಭವದ ಐದನೆಯ ಸರ್ಗದಲ್ಲಿ ಆ ಮಾತು ಯಾರದು, ಯಾರಿಗೆ ಹೇಳಿದುದು ಎಂಬುದನ್ನು ಸ್ಮರಿಸಬೇಕು. ಬ್ರಹ್ಮಚಾರಿಯ ವೇಷದಿಂದ ಬಂದ ಶಿವನು ಉಗ್ರತಪಸ್ಸಿನಲ್ಲಿರುವ ಪಾರ್ವತಿಯನ್ನು, ನಿನ್ನ ಶಕ್ತಿಗೆ ಅನುಗುಣವಾಗಿ ತಪಸ್ಸು ಮಾಡುತ್ತಿರುವೆಯಷ್ಟೆ ಎಂದು ಕೇಳುವ ಸಂದರ್ಭವದು. ಉಪಚಾರದ ಮಾತು, ಹಿತದ ಮಾತೂ ಹೌದು. ಆದರೆ ಪಾರ್ವತಿಯು ತರಗೆಲೆಯನ್ನೂ ತೊರೆದು ಅಪರ್ಣೆಯೆನಿಸಿಕೊಂಡವಳು. ಅವಳಿಗೆ ಸಾಧ್ಯವು ಬೇರೆ ಇದ್ದಿತು. ಶರೀರವು ಅದಕ್ಕೆ ಸಾಧನವಾಗಿದ್ದಿತು. ಸಾಧನವೆಂದು ಹೇಳಿದ ಮೇಲೆ ಅದು ಯಾವುದಕ್ಕೆ ಎಂಬ ಪ್ರಶ್ನೆ ಏಳಲೇಬೇಕು. ಕೊಡಲಿಯನ್ನು ಹಗಲಿರುಳೂ ಮಸೆಯುತ್ತ ಒಂದು ಸೌದೆಯನ್ನೂ ಸೀಳದವನನ್ನು ನಾವು ಏನೆಂದು ಕರೆಯುತ್ತೇವೆ?

ಇದು ನಮ್ಮ ಕಾಲದ ವ್ಯಾಧಿ ಮಾತ್ರವೆಂದು ತಿಳಿಯಬಾರದು. ಗ್ರೀಕ್ ತತ್ತ್ವಜ್ಞನಾದ ಪ್ಲೇಟೋ 'ರಿಪಬ್ಲಿಕ್' ಎಂಬ ತನ್ನ ಗ್ರಂಥದ ಮೂರನೆಯ ಭಾಗದಲ್ಲಿ ಹೆರೋಡಿಕಸ್ ಎಂಬವನ ವಿಷಯವನ್ನೆತ್ತುತ್ತಾನೆ. ಈತನು ಅಂಗಸಾಧನೆಯ ಉಪಾಧ್ಯಾಯ. ರೋಗಿಷ್ಠನಾದ ಮೇಲೆ ವ್ಯಾಯಾಮವನ್ನೂ ವೈದ್ಯವನ್ನೂ ಬೆರಸಿ ಒಂದು ಕಠಿಣವಾದ ದಿನಚರಿಯನ್ನು ಕಲ್ಪಿಸಿಕೊಂಡನು. ಅದರಿಂದ ಎಳ್ಳಷ್ಟು ಸರಿದರೂ ಸಂಕಟಪಡುತ್ತ, ಬೇರಾವ ಕಾರ್ಯಕ್ಕೂ ಬಿಡುವಿಲ್ಲದೆ, ಮುಪ್ಪಿನವರೆಗೂ ಬದುಕಿದನಂತೆ. ಸಾವನ್ನೇ ದೀರ್ಘವಾಗಿ ಎಳೆದುಕೊಂಡನೆಂದು ಪ್ಲೇಟೋವಿನ ಆಕ್ಷೇಪ. ಅದರ ಪಕ್ಕದಲ್ಲಿಯೇ ಒಬ್ಬ ಬಡಗಿಯ ಚಿತ್ರವಿದೆ. ಅವನು ವೈದ್ಯನಿಂದ ಬೇಗನೆ ಗುಣವಾಗುವ ಔಷಧವನ್ನು ಬೇಡುತ್ತಾನೆ. ದೀರ್ಘಪಥ್ಯವನ್ನು ವಿಧಿಸಿದರೆ, ಕಾಯಿಲೆ ಬಿದ್ದಿರಲು ತನಗೆ ಪುರಸತ್ತಿಲ್ಲವೆಂದು ಹೇಳಿ ಕೆಲಸಕ್ಕೆ ಹೊರಡುತ್ತಾನೆ. ಪ್ಲೇಟೋವಿನ ತೀರ್ಪು ಕ್ರೂರವಾದುದು. ದೀರ್ಘರೋಗಿಗಳ ಬಾಳು ವ್ಯರ್ಥವೆಂಬ ಧ್ವನಿಯನ್ನು ನಾನು ಒಪ್ಪಲಾರೆ. ಆದರೆ ಹೆರೋಡಿಕಸನ ವಂಶ ಬೆಳೆದಿದೆಯೆಂಬುದನ್ನು ಅಲ್ಲಗಳೆಯುವುದು ಕಷ್ಟ.

ನಮ್ಮ ಆಯುರ್ವೇದದ ಆಚಾರ್ಯರು ಈ ವಿಷಯದಲ್ಲಿ ಹೆಚ್ಚು ಸಮಚಿತ್ತರು. ವ್ಯಾಯಾಮವನ್ನು ಅರ್ಧಶಕ್ತಿಯಷ್ಟು ಮಾತ್ರ ಮಾಡತಕ್ಕದ್ದೆಂದು ವಾಗ್ಭಟನು ವಿಧಿಸುತ್ತಾನೆ. ಸ್ವಸ್ಥನ ಲಕ್ಷಣವನ್ನು ಹೇಳುವಾಗ ಸುಶ್ರುತನು ದೋಷ, ಅಗ್ನಿ, ಧಾತುಗಳ ಸಾಮ್ಯವನ್ನು ಹೇಳಿ ಅಲ್ಲಿಗೆ ನಿಲ್ಲಿಸದೆ, ಆತ್ಮ, ಇಂದ್ರಿಯ, ಮನಸ್ಸುಗಳ ಪ್ರಸನ್ನತೆಯನ್ನೂ ಸೇರಿಸುತ್ತಾನೆ. ಪ್ರಸನ್ನತೆಯನ್ನು ಕಳೆದು ಗಳಿಸಿದ ಆರೋಗ್ಯವು ಆತನ ಲೆಕ್ಕದಲ್ಲಿ ಆರೋಗ್ಯವೇ ಅಲ್ಲ.

ಇನ್ನು ಅಪ್ರಿಯವಾದ ಭಾಗಕ್ಕೆ ಬರುತ್ತೇನೆ. ಬಿಯರ್ ಎಂಬ ಪಾನೀಯವನ್ನು ವಾಚಕರು ಕೇಳಬಲ್ಲರು. ಮೊಳೆಯಿಸಿದ ಜವೆಗೋಧಿಯನ್ನು ನೀರಿನಲ್ಲಿ ಬೇಯಿಸಿ, ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ ಕಹಿಗೂಡಿಸಿ, ಯೀಸ್ಟಿನಿಂದ ಹುದುಗೆಬ್ಬಿಸಿದ್ದು. ಇದನ್ನು ಮಿತವಾಗಿ ಕುಡಿಯುವ ಸಭ್ಯರು ಅನೇಕರಿದ್ದಾರೆ. ಅವರಲ್ಲಿ ಕೆಲವರು, ಸ್ವಲ್ಪ ಕುಡಿದರೆ ಹೃದಯಕ್ಕೆ ಒಳ್ಳೆಯದೆಂದು ಸಮರ್ಥಿಸಿಕೊಳ್ಳುತ್ತಾರೆ. ಮಿತವಾಗಿ ಕುಡಿಯುವವರು ಏನೂ ಕುಡಿಯದವರಿಗಿಂತ ಹೆಚ್ಚು ಕಾಲ ಬದುಕಿದರೆಂದು ತೋರಿಸುವ ಸಂಶೋಧನೆಗಳು ಹಿಂದೆ ಪ್ರಕಟವಾಗಿದ್ದುದು ನಿಜ. ಆದರೆ ತರ್ಕ ಓದಿದವರಿಗೆ ಅಲ್ಲಿನ ದೋಷ ಪರಿಚಿತವಾದುದೇ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ಅನುಮಾನಿಸಬಾರದು. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಹಸಿ ಸೌದೆಯ ಸಂಯೋಗವೆಂಬ ಉಪಾಧಿಯಿದ್ದರೆ ಮಾತ್ರ ಹೊಗೆ. ಹಾಗೆಯೇ, ಆ ಲೆಕ್ಕದಲ್ಲಿ 'ಕುಡಿಯದವರು' ಎಂಬ ಗುಂಪಿನಲ್ಲಿ ಕಾಯಿಲೆ ಬಂದುದರಿಂದಲೇ ಕುಡಿತವನ್ನು ಬಿಟ್ಟವರು ಹಲವರು ಸೇರಿದ್ದರು. ಮಿತಪಾನಿಗಳಲ್ಲಿ ಅನೇಕರು ಮೊದಲೇ ಅನುಕೂಲಸ್ಥರೂ ದೃಢಕಾಯರೂ ಆಗಿದ್ದರು. ಉಪಾಧಿಯನ್ನು ಬಿಡಿಸಿ ನೋಡಿದಾಗ ಬಿಯರಿನ ಗುಣವೆಂದು ತೋರಿದುದು ಬಹುಮಟ್ಟಿಗೆ ಕರಗಿಹೋಯಿತು. ಮದ್ಯವು ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಸಂಸ್ಥೆಯು 1988ರಲ್ಲಿಯೇ ನಿರ್ಣಯಿಸಿದ್ದಿತು. ಅಪಾಯವಿಲ್ಲದ ಪ್ರಮಾಣವೆಂಬುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿತು. ಶೇಕಡಾ 5ರ ಬಿಯರಿನ ಅರ್ಧ ಲೀಟರಿನಲ್ಲಿ ಸುಮಾರು 20 ಗ್ರಾಂ ಮದ್ಯಸಾರವಿದೆ. ಶೇಕಡಾ 8ರ ದೊಡ್ಡ ಸೀಸೆಯಲ್ಲಿ, ಅಂದರೆ 650 ಮಿಲಿಲೀಟರಿನಲ್ಲಿ, ಅದರ ಎರಡರಷ್ಟಿದೆ.

ಹಾಗಾದರೆ ಬಿಯರ್ ಕುಡಿಯುವವನು ಪಾಪಿಯೋ? ನನ್ನ ಉತ್ತರ: ಅಷ್ಟರಿಂದಲೇ ಅಲ್ಲ. ತನಗೆ ರುಚಿಸುವುದರಿಂದ, ಸ್ನೇಹಿತರೊಡನೆ ಕುಳಿತಾಗ ಸುಖವೆನಿಸುವುದರಿಂದ, ಅದರ ಬೆಲೆಯನ್ನು ತಿಳಿದೇ ಒಂದು ಲೋಟ ಕುಡಿಯುತ್ತೇನೆ ಎನ್ನುವವನು ಸತ್ಯವನ್ನಾಡುತ್ತಾನೆ. ಸುಖವನ್ನು ಸುಖವೆಂದೇ ಹೇಳಲಿ. ಔಷಧದ ವೇಷವನ್ನು ಹಾಕದಿರಲಿ. ಹಬ್ಬದ ದಿನ ಮೂರು ಹೋಳಿಗೆಗಳ ಮೇಲೆ ತುಪ್ಪ ಬಡಿಸಿಕೊಂಡು, ಸಕ್ಕರೆಯ ಕಾಯಿಲೆಯ ಗುಳಿಗೆಯನ್ನು ಜೇಬಿನಲ್ಲಿಟ್ಟುಕೊಂಡೇ ಊಟ ಮಾಡುವ ನಾವು, ಪಕ್ಕದ ಮನೆಯವನ ಲೋಟವನ್ನು ನೋಡಿ ಮೂಗು ಮುರಿಯುವುದಕ್ಕೆ ಅಧಿಕಾರವೇನು?

ನಾನು ಅದನ್ನು ಮುಟ್ಟಿದವನಲ್ಲ. ಅದು ನನ್ನ ಕುಲಾಚಾರ. ಗುರುಗಳ ಮುಂದೆ ಹಿಡಿದ ವ್ರತ. ಅದಕ್ಕೆ ವೈದ್ಯಶಾಸ್ತ್ರದ ಸಾಕ್ಷಿ ಬೇಕಿಲ್ಲ. ನಾಳೆ ಬಿಯರ್ ಅಮೃತವೆಂದು ಸಿದ್ಧವಾದರೂ ನಾನು ಕುಡಿಯಲಾರೆ. ಹೀಗಿರಲಾಗಿ, ನನ್ನ ವ್ರತವನ್ನು ಯಕೃತ್ತಿನ ರಕ್ಷಣೆಯೆಂದು ಹೇಳಿಕೊಂಡರೆ ನಾನೂ ವೇಷ ಹಾಕಿದಂತೆಯೇ ಆಗುತ್ತದೆ.

ಇಲ್ಲಿ ಪೂರ್ವಪಕ್ಷವೊಂದು ಬಲವಾಗಿ ಏಳುತ್ತದೆ: 'ಕುಡಿತದಿಂದ ಹಾಳಾದ ಸಂಸಾರಗಳನ್ನು ನೋಡಿಯೂ ಈ ಮಾತೇ?' ನೋಡಿದ್ದೇನೆ. ನಮ್ಮ ರಾಜ್ಯದಲ್ಲಿ 2007ರಲ್ಲಿ ಸಾರಾಯಿಯನ್ನು ನಿಷೇಧಿಸುವುದಕ್ಕೆ ಮುಂಚೆ, ತಂದೆಯ ಕೂಲಿಯೆಲ್ಲ ಅಂಗಡಿಗೆ ಹೋಗಿ ಬರಿಹೊಟ್ಟೆಯಲ್ಲಿ ಬಂದು ಕುಳಿತ ಹುಡುಗರಿಗೆ ಪಾಠ ಹೇಳಿದ್ದೇನೆ. ನಿಷೇಧವಾದ ಮೇಲೂ ಅಂಥ ಹುಡುಗರು ಬರುವುದು ನಿಲ್ಲಲಿಲ್ಲ. ಆದರೆ ಅಲ್ಲಿಯ ಅಧರ್ಮ ಯಾವುದು? ಆ ತಂದೆಯ ಯಕೃತ್ತು ಕೆಟ್ಟುದಲ್ಲ. ಮಗುವಿನ ತಟ್ಟೆಯ ಅನ್ನ ಹೋದುದು, ಹೆಂಡತಿಯ ಮೇಲೆ ಕೈ ಎದ್ದುದು. ಅವನ ಶರೀರ ವಜ್ರದಂತಿದ್ದರೂ ಆ ಪಾಪ ಪಾಪವೇ. ಕುಡಿದು ವಾಹನ ನಡೆಸುವವನದೂ ಹಾಗೆಯೇ. ಒಂದು ಲೋಟಕ್ಕೆ ನಿಲ್ಲಲಾರೆನೆಂದು ತನ್ನನ್ನು ಬಲ್ಲವನು ಮೊದಲನೆಯ ಲೋಟವನ್ನೇ ಮುಟ್ಟಬಾರದು. ಪರರಿಗಾಗುವ ಹಿಂಸೆಯು ಧರ್ಮದ ಪ್ರಶ್ನೆ. ತನ್ನ ದೇಹಕ್ಕಾಗುವ ಹಾನಿಯು ಮೊದಲು ವಿವೇಕದ ಪ್ರಶ್ನೆ. ಎರಡನ್ನೂ ಕಲಸಿದರೆ ದುಷ್ಟನು ದೃಢಕಾಯನಾದಾಗ ಮೆಚ್ಚುಗೆ ಪಡೆಯುತ್ತಾನೆ. ಸಾಧುವು ರೋಗಿಯಾದಾಗ ಬೈಗುಳ ತಿನ್ನುತ್ತಾನೆ.

ಈ ಕಲಸುವಿಕೆಯ ಫಲವನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನನ್ನೊಡನೆ ಅದೇ ಶಾಲೆಯಲ್ಲಿ ಗಣಿತ ಹೇಳುತ್ತಿದ್ದ ಮಿತ್ರರೊಬ್ಬರಿದ್ದರು. ನಿವೃತ್ತರಾದ ಮೇಲೆ ಶನಿವಾರ ಸಂಜೆ ಅವರ ಮನೆಯ ಜಗಲಿಯಲ್ಲಿ ನಾಲ್ವರು ಕೂಡುತ್ತಿದ್ದೆವು. ಅವರೂ ಇನ್ನಿಬ್ಬರೂ ಒಂದು ಸೀಸೆ ಬಿಯರನ್ನು ಹಂಚಿಕೊಳ್ಳುತ್ತಿದ್ದರು. ನನಗೆ ಅವರ ಮನೆಯವರು ಪಾನಕವನ್ನೋ ಮಜ್ಜಿಗೆಯನ್ನೋ ತಂದುಕೊಡುತ್ತಿದ್ದರು. ಭಾಸ್ಕರಾಚಾರ್ಯನ ಲೀಲಾವತಿಯನ್ನು ಓದುತ್ತಿದ್ದೆವು. ಶ್ಲೋಕದ ಅರ್ಥ ನನ್ನ ಪಾಲು, ಲೆಕ್ಕ ಅವರ ಪಾಲು. ಕುಟ್ಟಕ ಪ್ರಕರಣದವರೆಗೆ ಬಂದಿದ್ದೆವು. ಆಗ ಅವರಿಗೆ ಹೃದಯರೋಗ ಕಾಣಿಸಿತು. ವೈದ್ಯರು ಹೊಗೆಸೊಪ್ಪನ್ನೂ ಬಿಯರನ್ನೂ ಬಿಡಬೇಕೆಂದರು, ಉಪ್ಪನ್ನು ಕಡಿಮೆ ಮಾಡಬೇಕೆಂದರು. ಯುಕ್ತವಾದ ಸಲಹೆ. ಅವರು ಒಪ್ಪಿದ್ದರು. ನಾನು ಅಷ್ಟಕ್ಕೆ ಬಿಡಲಿಲ್ಲ. ನೋಡಲು ಹೋದವನು ಹಾಸಿಗೆಯ ಬಳಿ ಕುಳಿತು, ಮಾಡಿದ್ದುಣ್ಣೋ ಮಹಾರಾಯ ಎಂದು ಗಾದೆ ಹೇಳಿದೆನು. ಆ ಜಗಲಿಯ ಕೂಟವೇ ಅನರ್ಥಕ್ಕೆ ಮೂಲವೆಂದು ಉಪನ್ಯಾಸ ಮಾಡಿದೆನು. ಅವರು ಏನೂ ಹೇಳಲಿಲ್ಲ. ಕೂಟ ನಿಂತಿತು. ಆಮೇಲೆ ಅವರು ಒಬ್ಬರೇ ರಕ್ತದೊತ್ತಡವನ್ನು ಅಳೆದು ಪುಸ್ತಕದಲ್ಲಿ ಬರೆದುಕೊಳ್ಳುತ್ತ ನಾಲ್ಕು ವರ್ಷ ಬದುಕಿದರು.

ಕೊನೆಯ ಸಲ ನೋಡಿದಾಗ ಅವರು ಹೇಳಿದುದು ಹೀಗೆ: "ಪಂಡಿತರೇ, ಬಿಯರನ್ನು ಬಿಟ್ಟದ್ದಕ್ಕೆ ನನಗೆ ವ್ಯಸನವಿಲ್ಲ. ಶನಿವಾರವನ್ನು ಯಾಕೆ ಬಿಡಿಸಿದಿರಿ?"

ನನ್ನಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಪಾನಕವನ್ನು ನಾಲ್ವರೂ ಕುಡಿಯಬಹುದಾಗಿದ್ದಿತು. ಲೀಲಾವತಿಯನ್ನು ಮುಗಿಸಬಹುದಾಗಿದ್ದಿತು. ಅವರ ದೇಹಕ್ಕೆ ಬೇಡವಾದುದು ಸೀಸೆಯೊಂದೇ. ನಾನು ಅವರ ರೋಗವನ್ನು ಪಾಪವೆಂದೆಣಿಸಿದುದರಿಂದ ಸೀಸೆಯ ಜೊತೆಗೆ ಸ್ನೇಹವನ್ನೂ ಪ್ರಾಯಶ್ಚಿತ್ತವಾಗಿ ಕಿತ್ತುಕೊಂಡೆನು. ಹಿತವನ್ನು ಹೇಳುವುದು ಮಿತ್ರಧರ್ಮ. ರೋಗಿಯ ಮಂಚದ ಪಕ್ಕದಲ್ಲಿ ನ್ಯಾಯಾಧೀಶನಾಗುವುದು ಯಾರ ಧರ್ಮವೂ ಅಲ್ಲ.

ಆದುದರಿಂದ ವಾಚಕರಲ್ಲಿ ನನ್ನ ವಿಜ್ಞಾಪನೆ ಇಷ್ಟು. ನಡೆಯುವವರು ನಡೆಯಲಿ, ನಡುನಡುವೆ ಕೆರೆಯನ್ನೂ ನೋಡಲಿ. ಬಿಡಬೇಕಾದುದನ್ನು ವೈದ್ಯರ ಮಾತಿನಂತೆ ಬಿಡಲಿ. ಕುಡಿಯುವವರು ಅದನ್ನು ಔಷಧವೆನ್ನದಿರಲಿ. ಕುಡಿಯದವರು ಅದನ್ನು ಕಿರೀಟವಾಗಿ ಧರಿಸದಿರಲಿ. ಯಾರಾದರೂ ಕಾಯಿಲೆ ಬಿದ್ದರೆಂದು ಕೇಳಿದಾಗ, ಅವರು ಏನು ತಿಂದರು, ಏನು ಕುಡಿದರು ಎಂದು ವಿಚಾರಿಸುವುದಕ್ಕೆ ಮೊದಲು, ಶನಿವಾರ ಸಂಜೆ ನಾನು ಬರಲೇ ಎಂದು ಕೇಳಿರಿ.