ಸೂರ್ಯ ಮುಳುಗುವ ಮುಂಚೆ

ಯಾಜಕಕಾಂಡ 11ರಲ್ಲಿರುವ ಆಹಾರದ ನಿಯಮವನ್ನು ಅನೇಕ ಯೆಹೂದ್ಯರು ಇಂದಿಗೂ ಪಾಲಿಸ್ತಾರೆ, ಕೋಷರ್ ಅಂತಾರೆ. ದೂರ ಪ್ರಯಾಣದಲ್ಲಿ ಅದು ಸಿಗೋದು ಕಷ್ಟ. ನಮ್ಮ ವಿಜಯನಗರದಿಂದ ಮಂಗಳೂರಿಗೆ ಹೊರಡುವ ಕಟ್ಟುನಿಟ್ಟಿನ ಜೈನರಿಗೂ ಹಾಗೇ: ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲ, ಸೂರ್ಯ ಮುಳುಗಿದ ಮೇಲೆ ಊಟವೇ ಇಲ್ಲ. ಶಿರಾಡಿ ಘಾಟಿಯಲ್ಲಿ ಕತ್ತಲಾದರೆ ರಾತ್ರಿಯಿಡೀ ಉಪವಾಸ.

"ಪಾಸ್ಟರ್, ನಾವು ಎಲ್ಲಾ ತಿನ್ನಬಹುದಲ್ಲ, ನಾವ್ಯಾಕೆ ಗಾಡಿ ನಿಲ್ಲಿಸಬೇಕು?" ಅಂತ ಕೇಳ್ತಾರೆ. ನಾನು ಹೇಳೋದು, ನಿಯಮ ಅವರದು, ಸ್ಟೀರಿಂಗ್ ನಿಮ್ಮ ಕೈಲಿದೆ. ದಾನಿಯೇಲನು ಅರಸನ ಊಟ ಬೇಡವೆಂದಾಗ ಬಾಬೆಲಿನ ಮೇಲ್ವಿಚಾರಕನು 10 ದಿನ ಕಾಯಿಪಲ್ಯ ಕೊಟ್ಟು ನೋಡಿದ. ಅವನಿಗೆ ಆ ನಿಯಮ ಇರಲಿಲ್ಲ, ಅವನ ಮೇಲಧಿಕಾರಿಗೆ ಅರಸನ ಭಯ ಇತ್ತು. ಆದರೂ ದಾರಿ ಮಾಡಿಕೊಟ್ಟ. ಅವನು ಒಪ್ಪದಿದ್ದರೆ ದಾನಿಯೇಲನ ನಂಬಿಗಸ್ತಿಕೆಗೆ ಎಷ್ಟು ಕಷ್ಟ!

ಆದ್ದರಿಂದ ಪ್ರಿಯರೇ, ಏನನ್ನಾದರೂ ತಿನ್ನುವ ಸ್ವಾತಂತ್ರ್ಯ ಇದ್ದವನೇ ಮೊದಲು ಗಡಿಯಾರ ನೋಡಬೇಕು. ಆಮೆನ್.